ಕಣ್ಣೊಳಗಿನ ಕಬ್ಬಿಣದ ಚೂರನ್ನು ಸರಿಯಾಗಿ ತೋರಿಸಿಕೊಟ್ಟ ಸ್ಕ್ಯಾನಿಂಗ್ ಸೆಂಟರ್

ಶಿವಮೊಗ್ಗದ ಈ ಸೆಂಟರ್‌ಗೆ ಐದರಲ್ಲಿ ನಾಲ್ಕು ಸ್ಟಾರ್. ಸ್ಕ್ಯಾನ್ ಕೆಲಸಕ್ಕಷ್ಟೇ ಆದರೆ ಐದೂ ಕೊಡುತ್ತಿದ್ದೆ.

ನಮ್ಮ ಭಾವನವರದ್ದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ವೀಡ್ ಕಟರ್‌ನಲ್ಲಿ ಕಳೆ ಹೊಡೆಯುವಾಗ ಬ್ಲೇಡ್ ಕಲ್ಲಿಗೆ ತಾಗಿ, ಅದರ ಚೂರೊಂದು ಹಾರಿ ಎಡಗಣ್ಣಿಗೆ ಹೊಕ್ಕಿತು. ಹೊರಗಿನಿಂದ ನೋಡಿದರೆ ಸಣ್ಣ ಗಾಯ ಅಷ್ಟೇ. ಕಣ್ಣಿನ ಡಾಕ್ಟರ್ ಸಿ.ಟಿ. ಸ್ಕ್ಯಾನ್ (ಎಕ್ಸ್‌ರೇಯಿಂದ ಒಳಗಿನ ಪದರ ಪದರ ಚಿತ್ರ ತೆಗೆಯುವುದು) ಬರೆದುಕೊಟ್ಟರು. ಮೊದಲು ಬೇರೆ ಒಂದು ಕಡೆ ತೆಗೆಸಿದೆವು. ಅಲ್ಲಿ ಮಾಮೂಲಿ ತಲೆಯ ಸ್ಕ್ಯಾನ್ ಮಾಡಿ ಕಳಿಸಿದರು, 5 ಮಿ.ಮೀ. ದಪ್ಪದ ಸ್ಲೈಸ್, ಅಂದರೆ ಒಂದೊಂದು ಪದರದ ಚಿತ್ರವೂ ಅಷ್ಟು ದಪ್ಪ. ಫಿಲ್ಮ್ ತುಂಬಾ ಒಂದು ಬಿಳಿ ಚುಕ್ಕಿ, ಅದರ ಸುತ್ತ ಬಿಳಿ ಕಪ್ಪು ಗೆರೆಗಳು. ಚೂರು ಕಣ್ಣುಗುಡ್ಡೆಯ ಒಳಗಿದೆಯೋ, ಅದರ ಗೋಡೆಯಲ್ಲಿ ಸಿಕ್ಕಿಕೊಂಡಿದೆಯೋ, ದಾಟಿ ಹಿಂದೆ ಹೋಗಿದೆಯೋ ಹೇಳಲಿಕ್ಕೇ ಆಗುವುದಿಲ್ಲ ಎಂದರು ಡಾಕ್ಟರ್. ಆಪರೇಷನ್ ಮಾಡುವವರಿಗೆ ಬೇಕಾಗಿರುವುದೇ ಅದು ಅಲ್ವಾ?

ಈ ಸೆಂಟರ್‌ನಲ್ಲಿ ಟೆಕ್ನಿಷಿಯನ್ ಹುಡುಗ ಚೀಟಿ ಓದಿ, ಏನು ತಾಗಿದ್ದು, ಯಾವ ಕಡೆಯಿಂದ ಬಂತು, ಹಲ್ಲಿಗೆ ಕ್ಯಾಪ್ ಇದೆಯಾ ಎಂದು ಎಲ್ಲಾ ಕೇಳಿದ. ಹಲ್ಲಿನ ಲೋಹ ಕಣ್ಣಿನ ಸ್ಲೈಸ್‌ಗೆ ಬಂದರೆ ಅದರ ಗೆರೆಗಳೂ ಸೇರಿಕೊಳ್ಳುತ್ತವಂತೆ, ಹಾಗಾಗಿ ತಲೆಯನ್ನು ನೋಡಿಕೊಂಡು ಕೂರಿಸಿದ. ಗಾಯದ ಕಣ್ಣಿಗೆ ರಕ್ಷಣೆಗೆಂದು ಮುಚ್ಚಿದ್ದ ಕಪ್ ಒತ್ತದ ಹಾಗೆ ಜೋಪಾನ ಮಾಡಿದ. "ಅಣ್ಣಾ, ಆ ಗುರುತನ್ನೇ ನೋಡ್ತಾ ಇರಿ, ಕಣ್ಣು ಆಡಿಸ್ಬೇಡಿ" ಎಂದು ನಿಧಾನವಾಗಿ ಹೇಳಿದ. ಕಣ್ಣು ಸ್ವಲ್ಪ ಆಡಿದರೂ ಚಿತ್ರ ಕದಡಿಹೋಗುತ್ತದೆ.

ಆಮೇಲೆ ರೇಡಿಯಾಲಜಿಸ್ಟ್ (ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್) ಮೇಡಂ ನಮ್ಮನ್ನು ಕರೆದು ಸ್ಕ್ರೀನ್‌ನಲ್ಲೇ ತೋರಿಸಿದರು, ಇದು ನನಗೆ ತುಂಬಾ ಇಷ್ಟವಾಯಿತು. ಎಕ್ಸ್‌ರೇ ಕಬ್ಬಿಣಕ್ಕೆ ಸಿಕ್ಕಾಗ ಕಡಿಮೆ ಶಕ್ತಿಯ ಕಿರಣಗಳು ಅಲ್ಲೇ ನಿಂತುಹೋಗುತ್ತವೆ, ಜೋರಿನವು ಮಾತ್ರ ಆಚೆ ಬರುತ್ತವೆ, ಕಂಪ್ಯೂಟರ್ ಲೆಕ್ಕ ತಪ್ಪುತ್ತದೆ, ಆ ತಪ್ಪೇ ಗೆರೆಗಳಾಗಿ ಕಾಣುತ್ತದೆ. ಚೂರಿನ ಜಾಗ ಸರಿಯಾಗಿ ಗೊತ್ತಾಗಲೆಂದು ಇವರು ಕಣ್ಣಿನ ಗೂಡಿಗೆ ಮಾತ್ರ 1 ಮಿ.ಮೀ.ಗಿಂತ ತೆಳು ಸ್ಲೈಸ್ ತೆಗೆದು, ಅದರಿಂದಲೇ ಎದುರಿನಿಂದ ಮತ್ತು ಪಕ್ಕದಿಂದ ನೋಡುವ ಚಿತ್ರಗಳನ್ನೂ ಮಾಡಿದರು. ವಿಂಡೋ (ಸ್ಕ್ರೀನ್‌ನಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ತೋರಿಸುವ ವ್ಯಾಪ್ತಿ) ಅಗಲ ಮಾಡಿದ ಕೂಡಲೇ ಅಷ್ಟು ದೊಡ್ಡದಾಗಿ ಕಾಣುತ್ತಿದ್ದ ಚೂರು ಕುಗ್ಗಿ, ಅಂಚು ಸ್ಪಷ್ಟವಾಯಿತು. ಲೋಹದ ಗೆರೆ ಕಡಿಮೆ ಮಾಡುವ ಸಾಫ್ಟ್‌ವೇರ್ ಕೂಡ ಇವರ ಹತ್ತಿರ ಇದೆ. ಆದರೆ ಮೇಡಂ ಅದನ್ನೊಂದೇ ನಂಬಲಿಲ್ಲ. ಅದು ಕೆಲವು ಸಲ ಇಲ್ಲದ ನೆರಳು ಹುಟ್ಟಿಸುತ್ತದೆ, ಇರುವುದನ್ನು ಅಳಿಸುತ್ತದೆ, ಹಾಗಾಗಿ ಮೊದಲಿನ ಚಿತ್ರ ಮತ್ತು ತಿದ್ದಿದ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಚೂರು ಗುಡ್ಡೆಯ ಒಳಗೇ, ಕೆಳಭಾಗದಲ್ಲಿ, ರೆಟಿನಾ (ಕಣ್ಣಿನ ಒಳಗೋಡೆಯಲ್ಲಿ ಬೆಳಕು ಗ್ರಹಿಸುವ ಪದರ) ಹತ್ತಿರ ಇತ್ತು. ರಿಪೋರ್ಟ್‌ನಲ್ಲಿ ಅಳತೆ ಸಮೇತ ಬರೆದಿದ್ದರು. ಅದನ್ನು ನೋಡಿಯೇ ರೆಟಿನಾ ಡಾಕ್ಟರ್ ಆಪರೇಷನ್ ಮಾಡಿ ಚೂರನ್ನು ತೆಗೆದರು. ಕಬ್ಬಿಣ ಒಳಗೇ ಉಳಿದರೆ ತುಕ್ಕು ಬಿಟ್ಟು ರೆಟಿನಾ ಹಾಳಾಗುತ್ತದೆ, ಸುಮ್ನೆ ಬಿಡುವ ಹಾಗಿರಲಿಲ್ಲ.

ಒಬ್ಬ ನೆಂಟರು ಎಂ.ಆರ್.ಐ. (ದೊಡ್ಡ ಅಯಸ್ಕಾಂತ ಬಳಸುವ ಸ್ಕ್ಯಾನ್) ಇನ್ನೂ ಒಳ್ಳೆಯದಲ್ವಾ ಎಂದು ಹಟ ಹಿಡಿದಿದ್ದರು. ಕಬ್ಬಿಣದ ಚೂರು ಇರುವ ಅನುಮಾನ ಇದ್ದರೂ ಅದು ಬೇಡವೇ ಬೇಡ, ಅಯಸ್ಕಾಂತ ಎಳೆದು ಚೂರು ಕಣ್ಣೊಳಗೆ ಸರಿದರೆ ಇರುವ ದೃಷ್ಟಿಯೂ ಹೋದೀತು. ಕೌಂಟರ್‌ನಲ್ಲಿದ್ದವರೂ ಇದನ್ನು ಗೊತ್ತಿದ್ದು ಹೇಳಿದರು, ಅದು ದೊಡ್ಡ ಸಮಾಧಾನ.

ಕೊರತೆಯೂ ಇದೆ. ಕೂರಲು ಜಾಗ ಸಾಲದು, ರಿಪೋರ್ಟ್‌ಗೆ ಸಂಜೆಯವರೆಗೆ ಕಾಯಿಸಿದರು, ತೀರ್ಥಹಳ್ಳಿ ಬಸ್ಸು ಹಿಡಿಯಬೇಕಾದವರಿಗೆ ಅದು ಕಷ್ಟ. ಇನ್ನೊಂದು ಮುಖ್ಯ ವಿಷಯ: ಕೇಳದಿದ್ದರೆ ಫಿಲ್ಮ್ ಮಾತ್ರ ಕೊಡುತ್ತಾರೆ. ಫಿಲ್ಮ್‌ನಲ್ಲಿ ಆರಿಸಿದ ಚಿತ್ರಗಳಷ್ಟೇ ಇರುತ್ತವೆ, ಆಪರೇಷನ್ ಮಾಡುವವರಿಗೆ ತೆಳು ಸ್ಲೈಸ್ ಪೂರ್ತಿ ಇರುವ ಸಿ.ಡಿ. ಬೇಕು, ಕೌಂಟರ್‌ನಲ್ಲೇ ಕೇಳಿ ತಗೊಳ್ಳಿ. ಯಾವ ಸೆಂಟರ್‌ನಲ್ಲಿ ತೆಗೆಸಿದರೂ ಚಿತ್ರ ದಪ್ಪ ಸ್ಲೈಸ್‌ನಲ್ಲಿದ್ದರೆ ತಕ್ಷಣ ಹೇಳಿ. ಮಷಿನ್‌ನಲ್ಲಿ ಮೂಲ ಡೇಟಾ ಸಾಮಾನ್ಯವಾಗಿ ಸ್ವಲ್ಪ ದಿನ ಮಾತ್ರ ಇರುತ್ತದೆ, ಅಷ್ಟರೊಳಗಾದರೆ ಹೆಚ್ಚಿನ ಸಲ ಮತ್ತೆ ಕಿರಣ ಬಿಡದೆಯೇ ತೆಳು ಸ್ಲೈಸ್ ಮಾಡಿಕೊಡಲು ಬರುತ್ತದೆ.