ಸಖಿ ಕೇಂದ್ರ: ಐದು ಹಾಸಿಗೆ, ಐದು ದಿನ, ಆಮೇಲೆ?

ಏಟು ತಿಂದು ರಾತ್ರೋರಾತ್ರಿ ಮನೆಯಿಂದ ಹೊರಬಿದ್ದ ಹೆಂಗಸಿಗೆ ಸರ್ಕಾರ ಕೊಡುವ ಮೊದಲ ಸೂರು ಸಖಿ, ಅಂದರೆ ಒನ್ ಸ್ಟಾಪ್ ಸೆಂಟರ್. 2015ರ ಏಪ್ರಿಲ್‌ನಲ್ಲಿ ನಿರ್ಭಯಾ ನಿಧಿಯ ದುಡ್ಡಿನಲ್ಲಿ ಶುರುವಾದ ಯೋಜನೆ ಇದು. ಈಗ ಹೆಂಗಸರಿಗಾಗಿ ಇರುವ ಕೇಂದ್ರದ ಮಿಷನ್ ಶಕ್ತಿ ಯೋಜನೆಯಲ್ಲಿ, ಸುರಕ್ಷತೆಯ ‘ಸಂಬಲ್’ ವಿಭಾಗದಲ್ಲಿದೆ. ಆಸ್ಪತ್ರೆಯೊಳಗೆ ಅಥವಾ ಅದರಿಂದ ಎರಡು ಕಿಲೋಮೀಟರ್ ಒಳಗೆ ಇರಬೇಕು, ಹಗಲೂ ರಾತ್ರಿ ತೆರೆದಿರಬೇಕು, ಐದು ಹಾಸಿಗೆ ಇರಬೇಕು, ಐದು ದಿನ ಉಳಿಯಲು ಬಿಡಬೇಕು. ಚಿಕಿತ್ಸೆ, ಪೊಲೀಸ್, ಆಪ್ತಸಮಾಲೋಚನೆ, ವಕೀಲರು ಎಲ್ಲ ಒಂದೇ ಕಡೆ ಸಿಗಬೇಕು. ಇದರಲ್ಲಿ ಯಾವುದು ಸಿಗುತ್ತದೆ, ಯಾವುದು ಕೈಕೊಡುತ್ತದೆ ಎಂದು ತಿಳಿಯಬೇಕಾದರೆ ಯಾವುದಕ್ಕೆ ಯಾರ ದುಡ್ಡು ಎಂದು ನೋಡಬೇಕು.

ಗಟ್ಟಿಯಾಗಿರುವುದು ಆಸ್ಪತ್ರೆಯ ನಂಟು. ಗಾಯವಿದ್ದರೆ ಮೊದಲು ಎಂಎಲ್‌ಸಿ (ಪೊಲೀಸ್, ಕೋರ್ಟಿಗೆ ಬೇಕಾಗುವ ಆಸ್ಪತ್ರೆಯ ಗಾಯದ ದಾಖಲೆ) ಮಾಡಿಸಿ, ಉಳಿದದ್ದೆಲ್ಲ ಆಮೇಲೆ. ‘ಜಾರಿ ಬಿದ್ದೆ’ ಎಂದು ಒಮ್ಮೆ ಬರೆಸಿಬಿಟ್ಟರೆ ಮುಂದೆ ಕೋರ್ಟಿನಲ್ಲಿ ಎದುರು ವಕೀಲರು ಹಿಡಿಯುವುದು ಆ ಒಂದು ಸಾಲನ್ನೇ. ಯಾರು ಹೊಡೆದರು, ಯಾವುದರಿಂದ ಹೊಡೆದರು, ಎಷ್ಟು ಹೊತ್ತಿಗೆ ಎನ್ನುವ ಮೂರೂ ದಾಖಲಾಗಲಿ. ಬಾಸುಂಡೆ ಮೊದಲ ದಿನ ಕೆಂಪಗಿರುತ್ತದೆ, ಎರಡು ದಿನದ ಮೇಲೆ ನೀಲಿಗಟ್ಟಿ ಎದ್ದು ಕಾಣುತ್ತದೆ. ಹಾಗಾಗಿ ಫೋಟೋ ಎರಡು ಸಲ ತೆಗೆಯಿರಿ. ಎಂಎಲ್‌ಸಿ ನಂಬರನ್ನು ಕೇಂದ್ರದ ಕೇಸ್ ವರ್ಕರ್ ಕೈಯಲ್ಲಿ ಫೈಲಿಗೆ ಹಾಕಿಸಿ.

ಎಡವುವುದು ಆಪ್ತಸಮಾಲೋಚನೆಯ ಕೋಣೆಯಲ್ಲಿ. ಗಂಡನನ್ನು ಕರೆಸಿ ‘ಇನ್ನು ಮುಂದೆ ಹೊಡೆಯುವುದಿಲ್ಲ’ ಎಂದು ಮುಚ್ಚಳಿಕೆ ಬರೆಸಿ ಕಳಿಸುವುದು ಎಲ್ಲರಿಗೂ ಸುಲಭ. ಫೈಲೂ ಮುಗಿಯಿತು, ಹಾಸಿಗೆಯೂ ಖಾಲಿಯಾಯಿತು. ಆದರೆ ಮುಚ್ಚಳಿಕೆ ಕೋರ್ಟಿನ ಆದೇಶವಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ, 2005ರ 18ನೇ ಕಲಮಿನಡಿ ರಕ್ಷಣಾ ಆದೇಶ ಪಡೆದು ಅದನ್ನು ಮೀರಿದರೆ ಮಾತ್ರ 31ನೇ ಕಲಮಿನಂತೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ. ಮುಚ್ಚಳಿಕೆ ಮೀರಿದವನಿಗೆ ಇನ್ನೊಂದು ಮುಚ್ಚಳಿಕೆ, ಅಷ್ಟೇ. ಸಮಾಲೋಚನೆ ಮುಗಿಸಿದ ಮೇಲೇ ಅರ್ಜಿ ಹಾಕಬೇಕು ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ಬೇಡ ಎನಿಸಿದರೆ ಬೇಡ ಎನ್ನಿ.

ಮುಂದಿನ ಮೆಟ್ಟಿಲು ನಡೆದ ಹಿಂಸೆಯನ್ನು ಮ್ಯಾಜಿಸ್ಟ್ರೇಟ್‌ಗೆ ತಿಳಿಸುವ ಕೌಟುಂಬಿಕ ಘಟನಾ ವರದಿ, ಎಲ್ಲರ ಬಾಯಲ್ಲಿ ಡಿಐಆರ್. ಇದನ್ನು ಬರೆಯಬೇಕಾದವರು ಸಂರಕ್ಷಣಾಧಿಕಾರಿ. ಕರ್ನಾಟಕದ ತಾಲ್ಲೂಕುಗಳಲ್ಲಿ ಈ ಟೋಪಿ ಕೂತಿರುವುದು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ತಲೆಯ ಮೇಲೆ. ಅಂಗನವಾಡಿಯ ಆಹಾರ, ಕಟ್ಟಡ, ಕಾರ್ಯಕರ್ತೆಯರ ಗೌರವಧನ ಎಲ್ಲ ನೋಡಿಕೊಂಡು ಮಿಕ್ಕ ಹೊತ್ತಿನಲ್ಲಿ ಡಿಐಆರ್. ‘ಮೀಟಿಂಗ್‌ಗೆ ಹೋಗಿದ್ದಾರೆ’ ಎಂಬ ಉತ್ತರಕ್ಕೆ ಸೋಮಾರಿತನವೇ ಕಾರಣ ಎನ್ನುವಂತಿಲ್ಲ. ಹುದ್ದೆಗೆ ಹೆಸರು ಕೊಟ್ಟರು, ಬೇರೆ ಆಳು ಕೊಡಲಿಲ್ಲ. ತಾಲ್ಲೂಕು ಮಟ್ಟದಲ್ಲೂ ಸಂರಕ್ಷಣಾಧಿಕಾರಿಗಳನ್ನು ಆರು ವಾರದೊಳಗೆ ಗುರುತಿಸಿ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ!

ಡಿಐಆರ್‌ಗಾಗಿ ಕಾಯುತ್ತ ಕೂರಬೇಡಿ. 12ನೇ ಕಲಮಿನ ಅರ್ಜಿಯನ್ನು ನೊಂದವರೇ ನೇರವಾಗಿ ಮ್ಯಾಜಿಸ್ಟ್ರೇಟ್ ಮುಂದೆ ಹಾಕಬಹುದು. ವರದಿ ಇಲ್ಲದಿದ್ದರೂ ಮಧ್ಯಂತರ ಆದೇಶ, ಅಂತಿಮ ಆದೇಶ ಎರಡನ್ನೂ ಕೊಡಬಹುದು ಎಂದು ಪ್ರಭಾ ತ್ಯಾಗಿ ಪ್ರಕರಣದಲ್ಲಿ 2022ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪು ಬರೆದವರು ನಮ್ಮ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರೇ. ವಕೀಲರ ಫೀಜಿಗೂ ಹೆದರಬೇಕಿಲ್ಲ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ (ಫೋನ್ 15100). ನೀವು ತವರಿನಲ್ಲೋ ನೆಂಟರ ಮನೆಯಲ್ಲೋ ತಾತ್ಕಾಲಿಕವಾಗಿ ಇದ್ದರೂ ಅದೇ ಊರಿನ ಕೋರ್ಟಿಗೆ ಹೋಗಬಹುದು.

ಅರ್ಜಿಯಲ್ಲಿ ‘ಕಿರುಕುಳ ಕೊಡುತ್ತಾರೆ, ನ್ಯಾಯ ಕೊಡಿಸಿ’ ಎಂದಷ್ಟೇ ಬರೆದರೆ ಏನೂ ಹುಟ್ಟುವುದಿಲ್ಲ. ಕೇಳಿದ್ದು ಮಾತ್ರ ಸಿಗುತ್ತದೆ. ರಕ್ಷಣೆಗೆ 18, ವಾಸಕ್ಕೆ 19, ಹಣಕ್ಕೆ 20, ಮಕ್ಕಳನ್ನು ಜೊತೆಗಿಟ್ಟುಕೊಳ್ಳಲು 21, ಪರಿಹಾರಕ್ಕೆ 22: ಒಂದೊಂದನ್ನೂ ಬೇರೆ ಬೇರೆ ಕೇಳಿ, ತೀರ್ಪಿನವರೆಗೆ ಮಧ್ಯಂತರ ಆದೇಶಕ್ಕೆ 23ನ್ನು ಸೇರಿಸಿ. ಗಂಡ ಸಂಬಳದಾರನಾದರೆ ಅವನ ಸಂಬಳದಿಂದಲೇ ಹಿಡಿದು ನೇರವಾಗಿ ನಿಮಗೆ ಕೊಡುವಂತೆ ಮಾಲೀಕರಿಗೆ ನಿರ್ದೇಶಿಸಲು 20(6) ಇದೆ. ಅದಕ್ಕೆ ಕಂಪನಿಯ ವಿಳಾಸ ಬೇಕು, ಹೊರಡುವಾಗ ಸಂಬಳದ ಚೀಟಿಯ ಒಂದು ಫೋಟೋ ಇದ್ದರೆ ಸಾಕು.

ಈಗ ದುಡ್ಡಿನ ಮಾತು. ಸಖಿ ಪೂರ್ತಿ ಕೇಂದ್ರದ ಹಣ, ಜಿಲ್ಲೆಯಲ್ಲಿ ಉಸ್ತುವಾರಿ ಜಿಲ್ಲಾಧಿಕಾರಿಯದು. ನೊಂದ ಹೆಂಗಸರಿಗಾಗಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರ ರಾಜ್ಯದ ಯೋಜನೆ. ಐದು ದಿನದ ಮೇಲೆ ಉಳಿಯಲು ಇರುವ ಶಕ್ತಿ ಸದನದಲ್ಲಿ ಕೇಂದ್ರ 60, ರಾಜ್ಯ 40. ಹೆಂಗಸು ಒಬ್ಬಳೇ, ಮಾಡಬೇಕಾದ ಕೆಲಸ ಒಂದೇ, ಲೆಕ್ಕದ ಪುಸ್ತಕ ಮೂರು. ಹಿಂದಿನ ಕಂತಿನ ಹಣಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬರುವುದಿಲ್ಲ. ಕಂತು ತಡವಾದರೆ ಕಟ್ಟಡವೇನೂ ಬೀಳುವುದಿಲ್ಲ. ನಿಲ್ಲುವುದು ಗುತ್ತಿಗೆ ಸಿಬ್ಬಂದಿಯ ಸಂಬಳ ಮತ್ತು ಗಾಡಿಯ ಡೀಸೆಲ್. ಪಳಗಿದ ಸಮಾಲೋಚಕಿ ಬಿಟ್ಟುಹೋದರೆ ಹೊಸಬರಿಗೆ ಕಥೆಯನ್ನು ಮೊದಲಿಂದ ಹೇಳಬೇಕು. ಆದ್ದರಿಂದ ಹೇಳಿಕೆ ಬರೆಸಿದ ದಿನವೇ ಪ್ರತಿ ಇಸಿದುಕೊಳ್ಳಿ.

ಗ್ರಾಮ ಪಂಚಾಯಿತಿ ಏನೂ ಮಾಡಲಾಗದೇ ಎಂದು ಕೇಳುವವರಿದ್ದಾರೆ. ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ 25ನೆಯದು. ಅಧಿಕಾರ ಇದೆ. ತೊಡಕಿರುವುದು ಹಣದ ಷರತ್ತಿನಲ್ಲಿ. 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40 ಅನಿರ್ಬಂಧಿತ ಎಂದರೂ ಅದರಲ್ಲಿ ಸಂಬಳ ಕೊಡುವಂತಿರಲಿಲ್ಲ. ಬೀದಿದೀಪ ಹಾಕಿಸಬಹುದಿತ್ತು, ಗೋಡೆಗೆ ಸಹಾಯವಾಣಿ 181, 112 ಬರೆಸಬಹುದಿತ್ತು, ಸಮಾಲೋಚಕಿಯನ್ನು ಇಟ್ಟುಕೊಳ್ಳಲಾಗುತ್ತಿರಲಿಲ್ಲ. ಈ ಸೇವೆಯಲ್ಲಿ ಸಂಬಳವೇ ಖರ್ಚು, ಉಳಿದದ್ದು ಬಣ್ಣ. ಮನೆ ಕಂದಾಯದ ಸ್ವಂತ ಸಂಪನ್ಮೂಲಕ್ಕೆ ಆ ಆಯೋಗದ ಷರತ್ತು ಅಂಟುವುದಿಲ್ಲ. ಮಹಿಳಾ ಗ್ರಾಮಸಭೆಯಲ್ಲಿ ಕೇಳುವುದಾದರೆ ‘ಜಾಗೃತಿ ಕಾರ್ಯಕ್ರಮ’ ಕೇಳಬೇಡಿ. ರಾತ್ರಿ ಹೊತ್ತು ಸಖಿಗೆ ಹೋಗುವ ಬಾಡಿಗೆ ಗಾಡಿಗೆ ಇಷ್ಟು ರೂಪಾಯಿ ಎಂದು ಮೊತ್ತ ಹೇಳಿ, ನಡಾವಳಿ ಪುಸ್ತಕಕ್ಕೆ ಹತ್ತಿಸಿ.

ಒಟ್ಟಾರೆ ಮೊದಲ ರಾತ್ರಿಗೆ ಸಖಿ ಒಳ್ಳೆಯ ಜಾಗ, ಅನುಮಾನವಿಲ್ಲದೆ ಹೋಗಬಹುದು. ಆದರೆ ಲೆಕ್ಕ ನೋಡಿ: ಕಾಯ್ದೆಯ ಪ್ರಕಾರ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥಕ್ಕೆ ಇಟ್ಟ ಗುರಿ 60 ದಿನ, ಹಾಸಿಗೆ ಐದು ದಿನ. ಎಲ್ಲವೂ ಕಾಯ್ದೆಯಲ್ಲಿ ಬರೆದಂತೆಯೇ ನಡೆದರೂ 55 ದಿನ ಎಲ್ಲಿರಬೇಕು? ಐದನೇ ದಿನ ಸಂಜೆ ಈ ಪ್ರಶ್ನೆ ಎದ್ದರೆ ಉತ್ತರ ಗಂಡನ ಮನೆಯೇ ಆಗಿಬಿಡುತ್ತದೆ. ಎರಡನೇ ದಿನವೇ ಶಕ್ತಿ ಸದನದಲ್ಲಿ ಜಾಗ ಇದೆಯೇ ಎಂದು ಕೇಂದ್ರದ ಆಡಳಿತಾಧಿಕಾರಿಯಿಂದ ವಿಚಾರಿಸಿ. ಮಗ ಜೊತೆಗಿದ್ದರೆ ಅವನ ವಯಸ್ಸು ಮೊದಲೇ ಹೇಳಿ, ಗಂಡುಮಕ್ಕಳಿಗೆ ಮಿತಿ ಇದೆ. ಜಾಗ ಇಲ್ಲ ಎಂದರೆ ಬಾಯಿಮಾತಿನ ಉತ್ತರಕ್ಕೆ ಒಪ್ಪದೆ ಹಿಂಬರಹ ಕೇಳಿ. ಬೇರೆ ಮನೆಯ ಬಾಡಿಗೆಯನ್ನು ಗಂಡನೇ ಕಟ್ಟಲಿ ಎಂದು 19(1)(ಎಫ್) ಅಡಿ ಕೇಳುವಾಗ ಆ ಹಿಂಬರಹವನ್ನು ಅರ್ಜಿಗೆ ಲಗತ್ತಿಸಬಹುದು.