ಕಿಡ್ನಿ ಪಥ್ಯದಲ್ಲಿ ಬೀಜಗಳು: ಕುಂಬಳ, ಅಗಸೆ, ಎಳ್ಳು, ಹಲಸಿನ ಬೇಳೆ

ಶಿರಸಿಯ ಕಿರಾಣಿ ಅಂಗಡಿಗಳಲ್ಲಿ ಈಗ ಐದಾರು ಬಗೆಯ ಬೀಜ ಬೆರೆಸಿದ ಪೊಟ್ಟಣಗಳು ಸಿಗುತ್ತವೆ. ಕಿಡ್ನಿ ಕಾಯಿಲೆ ಮೂರನೆಯ ಹಂತದಲ್ಲಿರುವ ನನ್ನಂಥವರಿಗೆ ಅವು ಆಗಿಬರುವುದಿಲ್ಲ, ಯಾವ ಬೀಜ ಎಷ್ಟು ಹೊಟ್ಟೆಗೆ ಹೋಯಿತೆಂಬ ಲೆಕ್ಕವೇ ಹತ್ತುವುದಿಲ್ಲ. ಹಾಗಾಗಿ ವೈದ್ಯರನ್ನು ಕೇಳಿಕೊಂಡು, ರಕ್ತಪರೀಕ್ಷೆಯ ವರದಿ ನೋಡಿಕೊಂಡು, ಒಂದೊಂದನ್ನೇ ಬೇರೆಯಾಗಿ ತಿಂದು ನೋಡಿದೆ.

ರುಚಿಯಲ್ಲಿ ಕುಂಬಳದ ಬೀಜವೇ ಮುಂದು. ಹುರಿದಿಟ್ಟರೆ ಕೈ ನಿಲ್ಲುವುದಿಲ್ಲ, ತೊಂದರೆಯೂ ಅದೇ. ಸೋತ ಕಿಡ್ನಿ ಸರಿಯಾಗಿ ಹೊರಹಾಕಲಾರದ ರಂಜಕ (ಫಾಸ್ಫರಸ್) 10 ಗ್ರಾಂ ಬೀಜದಲ್ಲಿ ಸುಮಾರು 120 ಮಿಲಿಗ್ರಾಂ ಇದೆ. ಅಷ್ಟೇ ತೂಕದ ಅಗಸೆಯಲ್ಲಾಗಲಿ ಎಳ್ಳಿನಲ್ಲಾಗಲಿ ಅದರ ಅರ್ಧದಷ್ಟು ಮಾತ್ರ. ಬೀಜಗಳ ರಂಜಕ ಬಹುಪಾಲು ಫೈಟೇಟ್ ಎಂಬ, ನಮಗೆ ಸುಲಭವಾಗಿ ಜೀರ್ಣವಾಗದ ರೂಪದಲ್ಲಿದ್ದು ಪೂರ್ತಿ ಮೈಗೆ ಸೇರುವುದಿಲ್ಲ, ನಿಜ. ಹಾಗೆಂದು ಹಿಡಿಗಟ್ಟಲೆ ತಿನ್ನಲಾಗದು. ಉಪ್ಪು ಸವರಿ ಹುರಿದದ್ದನ್ನಂತೂ ಮನೆಗೇ ತರುವುದಿಲ್ಲ.

ನನ್ನ ಮಟ್ಟಿಗೆ ಗೆದ್ದದ್ದು ಅಗಸೆ. ಇಡಿಯಾಗಿ ತಿಂದರೆ ಜೀರ್ಣವಾಗದೆ ಹೊರಹೋಗುತ್ತದೆ, ಪುಡಿಯೇ ಆಗಬೇಕು. ಹುರಿದು, ಜೀರಿಗೆ ಮತ್ತು ಒಣಮೆಣಸಿನೊಂದಿಗೆ ಬೀಸಿ, ಒಂದು ಚಮಚವನ್ನು ಗಂಜಿಗೆ ಬೆರೆಸುತ್ತೇನೆ. ಉಪ್ಪಿಲ್ಲದ ಸಪ್ಪೆಗೆ ನಾಲ್ಕು ಹನಿ ಲಿಂಬೆರಸ ಸಾಕು. ‘ಕಡಿಮೆ ಸೋಡಿಯಂ ಉಪ್ಪು’ ಬೇಡ, ಒಂದಷ್ಟು ಸೋಡಿಯಂ ಬದಲು ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ; ಕಿಡ್ನಿ ಸೋತವರ ರಕ್ತದಲ್ಲಿ ಅದು ಏರಿದರೆ ಹೃದಯಕ್ಕೆ ಅಪಾಯ. ಅಗಸೆಯಿಂದ ಹೊಟ್ಟೆಯೂ ಸಲೀಸು. ಮಲಬದ್ಧತೆಯಿದ್ದರೆ ನಮ್ಮಂಥವರ ರಕ್ತದಲ್ಲಿ ಪೊಟ್ಯಾಸಿಯಂ ಏರಲು ಅದೂ ಒಂದು ಕಾರಣವಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಪುಡಿ ಬೇಗ ಕಮಟು ಹಿಡಿಯುತ್ತದೆ, ವಾರಕ್ಕೆ ಬೇಕಾದಷ್ಟೇ ಬೀಸಿಕೊಳ್ಳಬೇಕು.

ಪೊಟ್ಯಾಸಿಯಂ ಒಂದನ್ನೇ ನೋಡುವುದಾದರೆ ಎಳ್ಳು ಮೇಲು: 10 ಗ್ರಾಂನಲ್ಲಿ ಸುಮಾರು 47 ಮಿಲಿಗ್ರಾಂ, ಅಗಸೆಯಲ್ಲಿ 80ರ ಆಸುಪಾಸು. ಆದರೆ ಎಳ್ಳಿನ ಸಿಪ್ಪೆಯಲ್ಲಿ ಕಿಡ್ನಿ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಇರುವುದರಿಂದ, ಕಲ್ಲಿನ ತೊಂದರೆ ಇದ್ದವರು ಸಿಪ್ಪೆ ತೆಗೆದ ಬಿಳಿ ಎಳ್ಳನ್ನೇ ಆರಿಸಿಕೊಳ್ಳುವುದು ಲೇಸು. ಸಂಕ್ರಾಂತಿಯ ಎಳ್ಳುಬೆಲ್ಲದ ಲೆಕ್ಕ ಯಾರೂ ಇಡುವುದಿಲ್ಲ, ಅದು ಬೇರೆ ಮಾತು.

ಚಿಯಾ ನನಗೆ ಹಿಡಿಸಲಿಲ್ಲ, ಲೋಳೆ ಲೋಳೆ. ಕಾರವಾರದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಭಾವನಿಗೆ ಇನ್ನೊಂದು ತೊಡಕು: ಬೀಜ ಹೀರಿಕೊಂಡ ನೀರೂ ಅವನ ದಿನದ ನೀರಿನ ಮಿತಿಗೇ ಸೇರುತ್ತದೆ.

ಇನ್ನು ನಮ್ಮ ಹಲಸಿನ ಬೇಳೆ. ಇದನ್ನು ಆ ಎಣ್ಣೆಬೀಜಗಳ ಸಾಲಿನಲ್ಲಿ ಇಡಬಾರದು. ಇದು ಪಿಷ್ಟದ ಪದಾರ್ಥ, ಗೆಡ್ಡೆಗಳಿಗೆ ಹತ್ತಿರ. ಹೊರಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ ಬಸಿದರೆ ಪೊಟ್ಯಾಸಿಯಂ ಒಂದಷ್ಟು ನೀರಿನೊಂದಿಗೆ ಹೋಗುತ್ತದೆ. ಆ ನೀರನ್ನು ಸಾರಿಗೆ ಸುರಿದರೆ ಮಾಡಿದ್ದೆಲ್ಲ ವ್ಯರ್ಥ. ಬಚ್ಚಲ ಒಲೆಯ ಕೆಂಡದಲ್ಲಿ ಸುಟ್ಟ ಬೇಳೆಯ ರುಚಿಗೆ ಇದು ಸಾಟಿಯಲ್ಲ, ಆದರೆ ಸುಟ್ಟರೆ ಪೊಟ್ಯಾಸಿಯಂ ಬೇಳೆಯಲ್ಲೇ ಉಳಿಯುತ್ತದೆ. ಆದ್ದರಿಂದ ನನಗೆ ಬಸಿದ ಬೇಳೆಯ ಪಲ್ಯವೇ ಗತಿ, ಅದೂ ವರದಿಯಲ್ಲಿ ಪೊಟ್ಯಾಸಿಯಂ ಮಿತಿಯೊಳಗಿದ್ದಾಗ ಮಾತ್ರ.