ಪೋಲೊ ಜಿಟಿ ಟಿಎಸ್‌ಐ ಕೊಳ್ಳಬೇಕಾ, ಅಬಾರ್ತ್ ಪುಂಟೊ ಕೊಳ್ಳಬೇಕಾ? ಪುಣೆಯ ಸೆಕೆಂಡ್ ಹ್ಯಾಂಡ್ ಗಿರಾಕಿಗಳಿಗೆ

ಎರಡೂ ಪುಣೆ ಜಿಲ್ಲೆಯಲ್ಲೇ ಹುಟ್ಟಿದ ಗಾಡಿಗಳು. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ನಾಸಿಕ್ ರಸ್ತೆಯ ಚಾಕಣದಲ್ಲಿ ತಯಾರಾಯಿತು, ಫಿಯೆಟ್ ಅಬಾರ್ತ್ ಪುಂಟೊ ನಗರ ರಸ್ತೆಯ ರಾಂಜಣಗಾಂವ್‌ನಲ್ಲಿ. ಪೋಲೊ ಜಿಟಿ ಟಿಎಸ್‌ಐ ಬಂದದ್ದು 2013ರಲ್ಲಿ, ಅಬಾರ್ತ್ ಬಂದದ್ದು 2015ರ ಅಕ್ಟೋಬರ್‌ನಲ್ಲಿ. ಹತ್ತು ಲಕ್ಷದ ಒಳಗೆ ಚುರುಕಾದ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಬೇಕು ಅಂದವರ ಎದುರು ಅಂದು ಮುಖ್ಯವಾಗಿ ನಿಂತಿದ್ದು ಈ ಎರಡು ಹೆಸರು. ಇಂದು ಸೆಕೆಂಡ್ ಹ್ಯಾಂಡ್ ಹುಡುಕುವವರೂ ಇವೆರಡರ ನಡುವೆಯೇ ತೂಗಾಡುತ್ತಾರೆ. ಮುಖ್ಯವಾಗಿ ವಾರವಿಡೀ ಹಿಂಜವಡಿಯಲ್ಲಿ ಕೆಲಸ ಮಾಡಿ ಶುಕ್ರವಾರ ರಾತ್ರಿ ಬೆಳಗಾವಿ, ಹುಬ್ಬಳ್ಳಿ ದಾರಿ ಹಿಡಿಯುವ ನಮ್ಮ ಕನ್ನಡಿಗರು.

ಪವರ್ ಎಷ್ಟು, ಪಿಕಪ್ ಎಷ್ಟು ಅನ್ನುವುದಕ್ಕಿಂತ ಮೊದಲು ಒಂದು ಮಾತು ಕೇಳಿಕೊಳ್ಳಿ: ಇದು ಮನೆಯ ಒಂದೇ ಗಾಡಿಯಾ, ಎರಡನೆಯದಾ? ಒಂದೇ ಗಾಡಿ ಆದರೆ ಪೋಲೊ. ಎರಡನೆಯದಾದರೆ, ಅದರಲ್ಲೂ ಓಡಾಟ ಹೆಚ್ಚಾಗಿ ಹೈವೇಯಲ್ಲಾದರೆ, ಕಣ್ಣು ಮುಚ್ಚಿ ಅಬಾರ್ತ್. ಪೋಲೊ ಕೆಟ್ಟರೆ ಖರ್ಚು ಜಾಸ್ತಿ, ಆದರೆ ಬೇಗ ರಿಪೇರಿ ಆಗುತ್ತದೆ. ಅಬಾರ್ತ್ ಕೆಡುವುದು ಕಡಿಮೆ, ಕೆಟ್ಟರೆ ಸಾಮಾನಿಗಾಗಿ ವಾರಗಟ್ಟಲೆ ನಿಲ್ಲಬಹುದು. ಇದರಲ್ಲಿ ಯಾವ ತೊಂದರೆಯನ್ನು ನಿಮ್ಮ ಮನೆ ತಡೆದುಕೊಳ್ಳುತ್ತದೆ ಅನ್ನುವುದು ನಿಮಗೇ ಗೊತ್ತು.

ಪೋಲೊದಲ್ಲಿ 1197 ಸಿಸಿ ಎಂಜಿನ್, 105 ಪಿಎಸ್, 175 ಎನ್‌ಎಂ ಟಾರ್ಕ್, ಏಳು ಗೇರಿನ, ಎರಡು ಕ್ಲಚ್‌ನ ಡಿಎಸ್‌ಜಿ ಆಟೊಮ್ಯಾಟಿಕ್. ಅಬಾರ್ತ್‌ನಲ್ಲಿ 1368 ಸಿಸಿ ಟಿ-ಜೆಟ್ ಟರ್ಬೊ ಎಂಜಿನ್, 145 ಬಿಎಚ್‌ಪಿ, 212 ಎನ್‌ಎಂ, ಐದು ಗೇರಿನ ಮ್ಯಾನ್ಯುಯಲ್. ಸೊನ್ನೆಯಿಂದ ನೂರಕ್ಕೆ ಕಂಪನಿ ಹೇಳಿದ್ದು ಪೋಲೊಗೆ 9.7 ಸೆಕೆಂಡ್, ಅಬಾರ್ತ್‌ಗೆ 8.8. ಓಡಿಸುವವನ ಕೈಗೆ ಈ ಅಂತರ ಕಾಗದದಲ್ಲಿ ಕಾಣುವುದಕ್ಕಿಂತ ದೊಡ್ಡದು. ಪೋಲೊ 1500 ಆರ್‌ಪಿಎಂನಿಂದಲೇ ಎಳೆಯುತ್ತದೆ, ಹಾಗಾಗಿ ಊರೊಳಗೆ ಚುರುಕು. ಅಬಾರ್ತ್ ಎರಡು ಸಾವಿರದ ತನಕ ಸುಮ್ಮನಿದ್ದು, ಟರ್ಬೊ ತುಂಬಿದ ಕೂಡಲೇ ಒಮ್ಮೆಲೇ ನುಗ್ಗುತ್ತದೆ. ಖಂಬಾಟಕಿ ಘಾಟಿನಲ್ಲಿ ಮೂರನೇ ಗೇರಿನಲ್ಲಿ ಲಾರಿ ದಾಟುವಾಗ ಇದರ ಜೊತೆ ನಿಲ್ಲುವ ಸಣ್ಣ ಗಾಡಿ ಆ ಕಾಲದಲ್ಲಿ ಅಪರೂಪ. ಹೈಡ್ರಾಲಿಕ್ ಸ್ಟೇರಿಂಗ್ ಭಾರ, ಆದರೆ ರಸ್ತೆ ಹೇಳುವುದನ್ನೆಲ್ಲ ಕೈಗೆ ಮುಟ್ಟಿಸುತ್ತದೆ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ. ಪೋಲೊಗೆ ಹಿಂದೆ ಡ್ರಮ್, ಆದರೆ ತಿರುವಿನಲ್ಲಿ ಗಾಡಿ ಜಾರದಂತೆ ತಡೆಯುವ ಇಎಸ್‌ಪಿ ಮತ್ತು ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇದೆ. ಅಬಾರ್ತ್‌ನಲ್ಲಿ ಇಎಸ್‌ಪಿ ಇಲ್ಲ. ಜುಲೈ ಮಳೆಯಲ್ಲಿ ತಾಮ್ಹಿಣಿ ಘಾಟಿನ ತಿರುವಿಗೆ 145 ಕುದುರೆ ಹೊತ್ತು ಇಳಿಯುವವರು ಇದನ್ನು ಮರೆಯಬಾರದು.

ಪೋಲೊದ ಭಾಗ್ಯವೂ ಭಾರವೂ ಅದರ ಗೇರ್‌ಬಾಕ್ಸೇ. ಡಿಕ್ಯೂ200 ಅನ್ನುವ ಈ ಡಬ್ಬಿಯಲ್ಲಿ ಎರಡು ಒಣ ಕ್ಲಚ್‌ಗಳಿವೆ. ಒಂದು 1, 3, 5, 7ಕ್ಕೆ, ಇನ್ನೊಂದು 2, 4, 6 ಮತ್ತು ರಿವರ್ಸ್‌ಗೆ. ಒಣ ಕ್ಲಚ್‌ಗೆ ಎಣ್ಣೆಯ ತಂಪು ಇರುವುದಿಲ್ಲ. ವಾಕಡ್ ಬ್ರಿಜ್ಜಿನಿಂದ ಹಿಂಜವಡಿ ಮೂರನೇ ಫೇಸ್‌ವರೆಗೆ ನಾಲ್ಕು ಅಡಿ ಸರಿದು ನಿಂತು, ಮತ್ತೆ ನಾಲ್ಕು ಅಡಿ ಸರಿಯುವ ಟ್ರಾಫಿಕ್ಕಿನಲ್ಲಿ ಆ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಲೇ ಇರುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಟ್ರಾಫಿಕ್ಕಿಗೆ ಅಂತಲೇ ಆಟೊಮ್ಯಾಟಿಕ್ ಕೊಳ್ಳುವವರು ಇಲ್ಲೇ ಎಡವುತ್ತಾರೆ. ಈ ಆಟೊಮ್ಯಾಟಿಕ್‌ಗೆ ಎಲ್ಲಕ್ಕಿಂತ ಆಗದ್ದು ಟ್ರಾಫಿಕ್ಕೇ.

ಕ್ಲಚ್ ಸವೆದದ್ದು ಗೊತ್ತಾಗುವುದು ಒಂದರಿಂದ ಎರಡನೇ ಗೇರಿಗೆ ಬೀಳುವಾಗ. ನಿಧಾನಕ್ಕೆ ಹೋಗುವಾಗ ಗಾಡಿ ಗಡಗಡ ನಡುಗುತ್ತದೆ. ಇನ್ನೊಂದು ಕಾಯಿಲೆ ಮೆಕಾಟ್ರಾನಿಕ್‌ನದು. ಅದು ಗೇರ್‌ಬಾಕ್ಸಿನ ತಲೆಯಿದ್ದಂತೆ, ಕಂಪ್ಯೂಟರ್, ಎಣ್ಣೆ ಪಂಪ್, ವಾಲ್ವ್ ಎಲ್ಲ ಒಂದೇ ಕಡೆ. ಅದರ ಅಲ್ಯೂಮಿನಿಯಂ ಮೈಯಲ್ಲಿ ಅಕ್ಯುಮುಲೇಟರ್ (ಎಣ್ಣೆಯ ಒತ್ತಡ ಹಿಡಿದಿಡುವ ಭಾಗ) ಕೂರುವ ತಿರುಪಿನ ಎಳೆಗಳ ಹತ್ತಿರ ಕೂದಲೆಳೆಯಷ್ಟು ಬಿರುಕು ಬಂದರೆ ಒತ್ತಡ ನಿಲ್ಲುವುದಿಲ್ಲ. ಪಂಪ್ ಬಿಡುವಿಲ್ಲದೆ ಓಡುತ್ತದೆ, ಪಿ17ಬಿಎಫ್ ಅನ್ನುವ ದೋಷದ ಕೋಡ್ ಬರುತ್ತದೆ, ಗೇರ್ ಗುರುತು ಮಿಣುಕುತ್ತದೆ, ಗಾಡಿ ಸಿಗ್ನಲ್ಲಿನಲ್ಲೇ ನಿಂತುಬಿಡುತ್ತದೆ. ಶೋರೂಂನಲ್ಲಿ ಇಡೀ ಯುನಿಟ್ ಬದಲಿಸಿದರೆ ಬಿಲ್ಲು ಲಕ್ಷ ದಾಟುತ್ತದೆ. ಡಿಎಸ್‌ಜಿ ಗೊತ್ತಿರುವ ಗ್ಯಾರೇಜಿನಲ್ಲಿ ಗಟ್ಟಿ ಮಾಡಿದ ಹೊಸ ಹೌಸಿಂಗ್ ಹಾಕಿಸಿಕೊಂಡರೆ ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಮುಗಿಯುತ್ತದೆ. ಮೆಕಾಟ್ರಾನಿಕ್‌ನ ಎಣ್ಣೆ ಬೇರೆ, ಗೇರ್‌ಗಳ ಎಣ್ಣೆ ಬೇರೆ ಅನ್ನುವುದು ತಿಳಿಯದವರ ಕೈಗೆ ಈ ಗಾಡಿ ಕೊಡಬೇಡಿ. 2013ರ ಕೊನೆಯಲ್ಲಿ ಫೋಕ್ಸ್‌ವ್ಯಾಗನ್ ತಾನೇ ಈ ಡಬ್ಬಿಯ ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ಹಾಕಿಸುವ ರೀಕಾಲ್ ಮಾಡಿತ್ತು. ಸೆಕೆ ಮತ್ತು ತೇವ ಇರುವ ಊರುಗಳಲ್ಲಿ, ನಿಂತು ನಿಂತು ಓಡುವ ಗಾಡಿಗಳಲ್ಲಿ ಕರೆಂಟ್ ಕೆಡುತ್ತಿದ್ದುದೇ ಅದಕ್ಕೆ ಕಾರಣ. ಮೊದಮೊದಲ ಗಾಡಿ ನೋಡುವವರು ಸರ್ವಿಸ್ ದಾಖಲೆಯಲ್ಲಿ ಆ ಕೆಲಸ ನಡೆದಿದೆಯಾ ಕೇಳಿ.

ಪೋಲೊದ ಪರೀಕ್ಷೆ ಹೀಗೆ ಮಾಡಿ. ಬರುವ ಮೊದಲು ಎಂಜಿನ್ ಶುರು ಮಾಡಬೇಡಿ ಅಂತ ಮಾರುವವರಿಗೆ ಹೇಳಿಡಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಸ್ಟಾರ್ಟ್ ಮಾಡಿದ ಮೊದಲ ಎರಡು ಮೂರು ಸೆಕೆಂಡ್ ಟೈಮಿಂಗ್ ಕಡೆಯಿಂದ ಕಿರಿಕಿರಿ ಸರಪಳಿ ಸದ್ದು ಬರುತ್ತದಾ ಕಿವಿಗೊಡಿ. 1.2 ಟಿಎಸ್‌ಐ ಎಂಜಿನ್‌ನ ಹಳೆಯ ಇಎ111 ಸರಣಿಗೆ ಟೈಮಿಂಗ್ ಚೈನ್, ಹೊಸ ಇಎ211ಕ್ಕೆ ಬೆಲ್ಟ್. ಎಂಜಿನ್ ಕೋಡ್ ಓದಿಸಿ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಸಮತಟ್ಟು ಜಾಗದಲ್ಲಿ ಡಿ ಹಾಕಿ ಬ್ರೇಕ್ ಬಿಡಿ, ಆಕ್ಸಿಲರೇಟರ್ ಮುಟ್ಟಬೇಡಿ, ಗಾಡಿ ನೀರಿನ ಹಾಗೆ ಜಾರಿ ಹೊರಡಬೇಕು. ಏರಿನಲ್ಲಿ ರಿವರ್ಸ್ ಹಾಕಿ ಹತ್ತಿಸಿ. ಸಮ ಗೇರುಗಳ ಕ್ಲಚ್ ಹೇಗಿದೆ ಅನ್ನುವುದು ಅಲ್ಲಿ ತಿಳಿಯುತ್ತದೆ. ಇಷ್ಟಕ್ಕೇ ಒಪ್ಪಬೇಡಿ. ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಓಡಿಸಿ, ಕ್ಲಚ್ ಕಾದ ಮೇಲೆ ಇದೇ ಪರೀಕ್ಷೆ ಮತ್ತೊಮ್ಮೆ ಮಾಡಿ. ತಣ್ಣಗಿದ್ದಾಗ ಸುಮ್ಮನಿದ್ದ ನಡುಕ ಬಿಸಿಯಲ್ಲಿ ಹೊರಬೀಳುತ್ತದೆ. ಕೊನೆಗೆ ವಿಸಿಡಿಎಸ್ ಅಥವಾ ಒಬಿಡಿ ಇಲೆವೆನ್ ಅನ್ನುವ ಸ್ಕ್ಯಾನರ್ ಇರುವವರಿಂದ ಸ್ಕ್ಯಾನ್ ಮಾಡಿಸಿ. ಕೋಡ್ ಒಂದೂ ಇಲ್ಲ ಅಂದರೆ ಖುಷಿ ಪಡುವ ಮೊದಲು ರೆಡಿನೆಸ್ ಮಾನಿಟರ್ (ಗಾಡಿಯ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಪರೀಕ್ಷೆಗಳ ಪಟ್ಟಿ) ನೋಡಿ. ಅವು ಪೂರ್ತಿಯಾಗಿಲ್ಲ ಅಂದರೆ ಯಾರೋ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ.

ಪೋಲೊದ ಎಂಜಿನ್ ಗಟ್ಟಿ. ಟರ್ಬೊದ ಒತ್ತಡ ಹತೋಟಿಯಲ್ಲಿಡುವ ವೇಸ್ಟ್‌ಗೇಟ್ ಆಕ್ಚುಯೇಟರ್ ಸಿಕ್ಕಿಹಾಕಿಕೊಂಡು ಬೂಸ್ಟ್ (ಟರ್ಬೊ ಒತ್ತಡ) ಕಡಿಮೆ ಆಗುವುದು, ವಾಟರ್ ಪಂಪ್ ಹತ್ತಿರ ಕೂಲೆಂಟ್ ಜಿನುಗುವುದು, ಇಗ್ನಿಷನ್ ಕಾಯಿಲ್ ಹೋಗುವುದು, ಇಷ್ಟೇ. ಸಸ್ಪೆನ್ಷನ್ ಸಾಮಾನು ಮಾಮೂಲಿ ಪೋಲೊ, ವೆಂಟೊ, ರಾಪಿಡ್‌ನದೇ, ನಾನಾ ಪೇಠೆಯಲ್ಲಿ ಸಿಗುತ್ತದೆ. ರೀಮ್ಯಾಪ್ ಮಾಡಿಸಿದ, ಅಂದರೆ ಪವರ್ ಹೆಚ್ಚಲೆಂದು ಎಂಜಿನ್ ಕಂಪ್ಯೂಟರ್ ತಿದ್ದಿಸಿದ ಗಾಡಿ ಮಾತ್ರ ಬಿಟ್ಟುಬಿಡಿ. ಡಿಕ್ಯೂ200 ತಡೆಯುವ ಟಾರ್ಕ್ 250 ಎನ್‌ಎಂ ಅಷ್ಟೇ. ಹಿಂದಿನ ಓನರ್ ಅದರ ಅಂಚಿನಲ್ಲಿ ಎಷ್ಟು ದಿನ ಓಡಿಸಿದ್ದ ಅಂತ ಯಾರೂ ಹೇಳುವುದಿಲ್ಲ.

ಇನ್ನು ಅಬಾರ್ತ್. 2015ರಲ್ಲಿ ಇದರ ಬೆಲೆ ದೆಹಲಿ ಎಕ್ಸ್ ಶೋರೂಂ 9.95 ಲಕ್ಷ. ಆ ದುಡ್ಡಿಗೆ ಇಷ್ಟು ಗಾಡಿ ಭಾರತದಲ್ಲಿ ಮತ್ತೆ ಯಾರೂ ಕೊಡಲಿಲ್ಲ. ಇದರ ಜೀವ ಇರುವುದು ಟೈಮಿಂಗ್ ಬೆಲ್ಟಿನಲ್ಲಿ. ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಬಿಚ್ಚಬೇಕಾಗುತ್ತದೆ. 60,000 ಕಿ.ಮೀ. ಅಥವಾ ಐದು ವರ್ಷ, ಯಾವುದು ಮೊದಲೋ ಆಗ ಬದಲಿಸಿ. ಗಾಡಿ ಮೂವತ್ತು ಸಾವಿರವೇ ಓಡಿರಲಿ, ರಬ್ಬರಿಗೆ ವಯಸ್ಸಾಗಿರುತ್ತದೆ. ಬಿಲ್ಲು ಕೈಗೆ ಕೊಡದೆ “ಬದಲಿಸಿದೆ” ಅಂತ ಬಾಯಲ್ಲಿ ಹೇಳಿದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಿಡಿದು ಬೆಲೆ ಇಳಿಸಿ. ಬೆಲ್ಟ್ ಜೊತೆಗೆ ಟೆನ್ಷನರ್ ಮತ್ತು ವಾಟರ್ ಪಂಪ್ ಒಟ್ಟಿಗೇ ಹಾಕಿಸಿ. ಪಂಪ್ ತಿರುಗುವುದು ಅದೇ ಬೆಲ್ಟಿನಿಂದ, ಅದು ಆರು ತಿಂಗಳಲ್ಲಿ ಸೋರಿದರೆ ಮಾಡಿದ ಕೂಲಿಯೆಲ್ಲ ಮತ್ತೆ ಕೊಡಬೇಕು. ಕ್ಯಾಮ್ ಲಾಕ್ ಮಾಡುವ ಟೂಲ್ ಇಲ್ಲದ ಗ್ಯಾರೇಜಿನಲ್ಲಿ, ಪೇಂಟ್ ಗುರುತು ಹಾಕಿ ಮಾಡುತ್ತೇವೆ ಅನ್ನುವವರ ಹತ್ತಿರ ಈ ಕೆಲಸ ಬೇಡ.

ಟರ್ಬೊ ನೋಡಲು ಅದರ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ ಸಡಿಲಿಸಿ ಒಳಗೆ ಬೆರಳಾಡಿಸಿ. ಬೆರಳಿಗೆ ತೆಳ್ಳಗೆ ಜಿಡ್ಡು ಹತ್ತಿದರೆ ತೊಂದರೆಯಿಲ್ಲ. ಪೈಪ್ ಬಗ್ಗಿಸಿದಾಗ ಚಮಚದಷ್ಟು ಎಣ್ಣೆ ಹರಿದು ಬಂದರೆ ಟರ್ಬೊ ಸೀಲ್ ಹೋಗಿದೆ. ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ಒಮ್ಮೆ ರೇಸ್ ಕೊಟ್ಟಾಗ ಹಿಂದೆ ನೀಲಿ ಹೊಗೆ ಬಂದರೂ ಅರ್ಥ ಅದೇ. ಬೂಸ್ಟ್ ಬರುವಾಗ ಸುಸ್ಸೆಂದು ಗಾಳಿ ಸೋರಿ ಎಳೆತ ಕಡಿಮೆಯಾದರೆ ಹೆದರಬೇಡಿ, ಪೈಪ್ ಬಿರಿದಿರಬೇಕು, ಇಲ್ಲವೇ ಹೆಚ್ಚಿನ ಗಾಳಿ ಬಿಡುವ ಡಂಪ್ ವಾಲ್ವಿನ ಡಯಾಫ್ರಾಮ್ ಹರಿದಿರಬೇಕು. ಸಣ್ಣ ಕೆಲಸ. ಕ್ಲಚ್ ಪೆಡಲ್ ಅರ್ಧಕ್ಕೆ ಕೂತುಕೊಂಡರೆ ಸ್ಲೇವ್ ಸಿಲಿಂಡರ್ ಸೋರುತ್ತಿದೆ.

ಗಾಡಿಯನ್ನು ರ‍್ಯಾಂಪಿಗೆ ಹತ್ತಿಸದೆ ದುಡ್ಡು ಕೊಡಬೇಡಿ. ಗ್ರೌಂಡ್ ಕ್ಲಿಯರೆನ್ಸ್ 155 ಮಿ.ಮೀ. ಮಾತ್ರ, ಪುಣೆಯ ಸೊಸೈಟಿಗಳ ಸ್ಪೀಡ್ ಬ್ರೇಕರ್‌ಗಳಿಗೆ ಅದು ಸಾಲುವುದಿಲ್ಲ. ಎಣ್ಣೆ ಸಂಪ್‌ನಲ್ಲಿ ತಗ್ಗು, ಎಕ್ಸಾಸ್ಟ್ ಫ್ಲ್ಯಾಂಜಿನಲ್ಲಿ ಉಜ್ಜಿದ ಗುರುತು, ಮುಂದಿನ ಬಂಪರ್ ಕೆಳಗಿನ ತುಟಿ ಮುರಿದಿರುವುದು ಸಾಮಾನ್ಯ. ಚಕ್ರದ ಒಳಬದಿ ನೋಡಿ. 195/55 ಆರ್16 ಟೈರಿನ ಗೋಡೆ ಗಿಡ್ಡ, ಗುಂಡಿಗೆ ಬಿದ್ದರೆ ಅಲಾಯ್ ವಕ್ರ ಆಗುತ್ತದೆ. ಚೇಳಿನ ಗುರುತಿನ ಆ ಅಲಾಯ್ ಹೊಸದಾಗಿ ಸಿಗುವುದು ಕಷ್ಟ.

ಫಿಯೆಟ್ ಭಾರತದಲ್ಲಿ ಕಾರು ಮಾರುವುದನ್ನು 2019ರಲ್ಲಿ ನಿಲ್ಲಿಸಿತು. ಎಂಜಿನ್‌ನ ಬಹಳಷ್ಟು ಸಾಮಾನು ಲೀನಿಯಾ ಟಿ-ಜೆಟ್‌ನದು ಹೊಂದುತ್ತದೆ, ಲೀನಿಯಾದ ಹಿಂದಿನ ಚಕ್ರಗಳಿಗೂ ಡಿಸ್ಕ್ ಬ್ರೇಕ್ ಇತ್ತು. ಬಾಗಿಲು, ಗಾಜು, ದೀಪ ಪುಂಟೊ ಇವೊದವು. ಹಳೆ ಸಾಮಾನಿಗೆ ಮುಂಬೈ ಕುರ್ಲಾದ ಸಿಎಸ್‌ಟಿ ರಸ್ತೆ ಇದೆ. ಆದರೂ ಕೊಳ್ಳುವ ಮೊದಲೇ ಫಿಯೆಟ್ ಬಲ್ಲ ಒಬ್ಬ ಮೆಕ್ಯಾನಿಕ್ ಗೊತ್ತಿರಬೇಕು. ಗಾಡಿ ಕೊಂಡಾದ ಮೇಲೆ ಹುಡುಕಲು ಹೊರಡುವುದಾದರೆ ಪೋಲೊವನ್ನೇ ಕೊಳ್ಳಿ.

ಎರಡರಲ್ಲಿ ಯಾವುದೇ ಆಗಲಿ, ನೀರು ಹೊಕ್ಕ ಗಾಡಿ ಹೌದಾ ನೋಡುವುದು ಇಲ್ಲಿ ಕಡ್ಡಾಯ. ಮುಂಬೈಯಲ್ಲಿ 2017ರ ಆಗಸ್ಟ್ 29, ಪುಣೆಯಲ್ಲಿ 2019ರ ಸೆಪ್ಟೆಂಬರ್ 25ರ ರಾತ್ರಿ, 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರಿ. ಈ ದಿನಗಳಲ್ಲಿ ಪಾರ್ಕಿಂಗಿನಲ್ಲಿ ನಿಂತಿದ್ದ ಎಷ್ಟೋ ಗಾಡಿಗಳು ಮುಳುಗಿದವು. ಮುಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಹೊರಗೆ ಕಾಣುವ ಭಾಗ ತೊಳೆದಿರುತ್ತಾರೆ, ರೀಲಿನ ಒಳಗೆ ಸುತ್ತಿಕೊಂಡ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಹಾಗೇ ಉಳಿದಿರುತ್ತದೆ. ಸ್ಟೆಪ್ನಿ ತೆಗೆದು ಕೆಳಗಿನ ಗುಂಡಿ ನೋಡಿ, ಸೀಟಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯಾ ನೋಡಿ. ಮುಳುಗಿದ ಪೋಲೊ ಬಿಟ್ಟಿ ಸಿಕ್ಕರೂ ಬೇಡ, ಮೆಕಾಟ್ರಾನಿಕ್ ಒಳಗಿನ ಕನೆಕ್ಟರ್‌ಗೆ ಹತ್ತಿದ ತೇವ ಬಿಡುವುದಿಲ್ಲ. ಗೋವಾ ಪಾಸಿಂಗ್ ಗಾಡಿಯಾದರೆ ಉಪ್ಪುಗಾಳಿಗೆ ಬ್ರೇಕ್ ಪೈಪ್, ಸಬ್‌ಫ್ರೇಮ್ ತುಕ್ಕು ಹಿಡಿದಿರುತ್ತದೆ, ರ‍್ಯಾಂಪಿನಲ್ಲಿ ಟಾರ್ಚ್ ಹಾಕಿ ನೋಡಿ.

ಕಾಗದಪತ್ರದಲ್ಲಿ ಸಾಲ ತೀರಿದ ಫಾರ್ಮ್ 35, ವರ್ಗಾವಣೆಯ ಫಾರ್ಮ್ 29, 30 ಬೇಕು. 2019ರ ಏಪ್ರಿಲ್ 1ಕ್ಕಿಂತ ಹಳೆಯ ಗಾಡಿಗೆ ಮಹಾರಾಷ್ಟ್ರದಲ್ಲಿ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಕಡ್ಡಾಯ, ಹಾಕಿಸಿರುವುದನ್ನೇ ಕೇಳಿ. ಊರಿಗೆ ಕಾಯಂ ಒಯ್ಯುವ ಯೋಚನೆ ಇದ್ದರೆ ಫಾರ್ಮ್ 28ರ ಎನ್‌ಒಸಿ ಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಬೇರೆ ಕಟ್ಟಬೇಕು. ಅದನ್ನೂ ಸೇರಿಸಿ ಲೆಕ್ಕ ಹಾಕಿದ ಮೇಲೆ ಚೌಕಾಸಿಗೆ ಕೂರಿ.

ಕೀಲಿ ಕೈಗೆ ಬಂದ ವಾರದಲ್ಲೇ ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮೂರನ್ನೂ ಬದಲಿಸಿ. ಪೋಲೊಗೆ ವಿಡಬ್ಲ್ಯೂ 502 00 ಅಂತ ಡಬ್ಬಿಯ ಮೇಲೆ ಬರೆದಿರುವ 5ಡಬ್ಲ್ಯೂ-40 ಎಣ್ಣೆ, ನಾಲ್ಕು ಲೀಟರಿನ ಒಂದು ಕ್ಯಾನ್ ಸಾಕು. ಎರಡಕ್ಕೂ 95 ಆಕ್ಟೇನ್ ಪೆಟ್ರೋಲ್ ಹಾಕಿ, ಎಕ್ಸ್‌ಪಿ95 ಅಥವಾ ಪವರ್95. ಇವೆರಡೂ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿಗಿಂತ ಮುಂಚಿನ ಕಾಲದ ಗಾಡಿಗಳು, ಹಾಗಾಗಿ ಪೆಟ್ರೋಲ್ ಪೈಪಿನ ರಬ್ಬರ್ ಗಟ್ಟಿಯಾಗಿದೆಯಾ, ಬಿರುಕು ಬಿಟ್ಟಿದೆಯಾ ಪ್ರತಿ ಸರ್ವಿಸಿನಲ್ಲೂ ನೋಡಿಸಿ. ಪೋಲೊದಲ್ಲಿ ಟ್ರಾಫಿಕ್ ಇದ್ದಾಗ ಮುಂದಿನ ಗಾಡಿಗೂ ನಿಮಗೂ ಒಂದು ಗಾಡಿಯಷ್ಟು ಜಾಗ ಬಿಟ್ಟು, ಅದು ತೆರವಾದ ಮೇಲೆ ಒಮ್ಮೆಗೇ ಸರಿಯಿರಿ, ನಿಂತಾಗ ಬ್ರೇಕ್ ಪೂರ್ತಿ ಒತ್ತಿ. ಪೂರ್ತಿ ಒತ್ತಿದರೆ ಕ್ಲಚ್ ಬಿಡುತ್ತದೆ, ಅರೆಬರೆ ಒತ್ತಿದರೆ ಜಾರುತ್ತಲೇ ಇರುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಬೇಡಿ. ಅಬಾರ್ತ್‌ನಲ್ಲಿ ಘಾಟಿ ಹತ್ತಿ ಚಹಾಕ್ಕೆ ನಿಲ್ಲಿಸಿದಾಗ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು, ಟರ್ಬೊ ತಣಿದ ಮೇಲೆ ಕೀಲಿ ತಿರುಗಿಸಿ.